ಆಯ್ದು ಓದುವವರು ನಾವೆಲ್ಲರೂ: ಬೈಬಲನ್ನು ಸ್ವಂತ ವಿವೇಚನೆಯಿಂದ ಓದಲು ಕೆಲವು ಹೆಜ್ಜೆಗಳು

ಧರ್ಮಶಾಸ್ತ್ರ ಬಲ್ಲ ಒಬ್ಬನು ಯೇಸುವಿನ ಬಳಿಗೆ ಬಂದು, ನಿತ್ಯಜೀವ ಪಡೆಯಲು ಏನು ಮಾಡಬೇಕು ಎಂದು ಕೇಳುತ್ತಾನೆ. ಯೇಸು ಮರುಪ್ರಶ್ನೆ ಹಾಕುತ್ತಾರೆ: ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ? ನೀನು ಅದನ್ನು ಹೇಗೆ ಓದುತ್ತೀ? ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಕೊಡಲು ನಾವೆಲ್ಲ ಮುಂದು. ಎರಡನೆಯದನ್ನು ತಮಗೆ ತಾವೇ ಕೇಳಿಕೊಳ್ಳುವವರು ಕಡಿಮೆ. ಈ ಲೇಖನ ಆ ಎರಡನೆಯ ಪ್ರಶ್ನೆಗೆ ಮೀಸಲು.

ತಮಗೆ ಬೇಕಾದ ವಚನವನ್ನು ಮಾತ್ರ ಎತ್ತಿಕೊಳ್ಳುವುದು ಬೇರೆಯವರ ಅಭ್ಯಾಸ ಎಂದೇ ನಾವು ನಂಬಿರುತ್ತೇವೆ. ನಾವಾದರೋ ಇಡೀ ದೇವರ ವಾಕ್ಯವನ್ನು ಪಾಲಿಸುವವರು! ಪವಿತ್ರವಾದ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಿರಿ ಎಂದು ಪೌಲನು ಹಲವು ಪತ್ರಗಳ ಕೊನೆಯಲ್ಲಿ ಬರೆದಿದ್ದಾನೆ. ಅದನ್ನು ಅಕ್ಷರಶಃ ಪಾಲಿಸುವ ಸಭೆಗಳು ಎಷ್ಟಿವೆ? ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಬ್ಯಾಂಕಿನಲ್ಲಿ ಠೇವಣಿ ಇಡುವಾಗ ಆ ವಚನ ಯಾರಿಗೂ ಅಡ್ಡ ಬರುವುದಿಲ್ಲ. ಆಯ್ಕೆ ಮಾಡದೆ ಈ ಗ್ರಂಥವನ್ನು ಓದಿ ಬದುಕಲು ಯಾರಿಂದಲೂ ಆಗದು. ಹೀಗಿರುವಾಗ ಮಾಡಬೇಕಾದ ಕೆಲಸ ಒಂದೇ: ಆ ಆಯ್ಕೆಯನ್ನು ಬೆಳಕಿಗೆ ತರಬೇಕು, ಅದಕ್ಕೆ ಕಾರಣ ಕೊಡಬೇಕು, ಅದೇ ಕಾರಣವನ್ನು ನಮ್ಮ ಮೇಲೂ ಪ್ರಯೋಗಿಸಲು ಸಿದ್ಧರಿರಬೇಕು. ಆಗ ಅದು ವಿವೇಚನೆ. ಮುಚ್ಚಿಟ್ಟ ಆಯ್ಕೆ ಬಹುಬೇಗ ಇನ್ನೊಬ್ಬರ ಬೆನ್ನ ಮೇಲಿನ ಬಾರುಕೋಲಾಗುತ್ತದೆ.

ಬೇಕಾಗಿರುವುದು ಒಂದು ಬೈಬಲ್, ಒಂದು ನೋಟ್‌ಬುಕ್, ಪೆನ್ಸಿಲ್. ಜೊತೆಗೆ, ನಿಮ್ಮ ಅಭಿಪ್ರಾಯವನ್ನು ಒಪ್ಪದ, ಆದರೂ ನೀವು ಗೌರವಿಸುವ ಒಬ್ಬ ವ್ಯಕ್ತಿ.

ಮೊದಲು ನಿಮ್ಮ ಆಯ್ಕೆಗಳ ಪಟ್ಟಿ ಮಾಡಿ

ಯಾಜಕಕಾಂಡದ 19ನೇ ಅಧ್ಯಾಯ ತೆರೆಯಿರಿ. ಒಟ್ಟು 37 ವಚನಗಳು. ಒಂದೊಂದನ್ನೂ ಓದಿ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ: ಪಾಲಿಸುತ್ತಿದ್ದರೆ 'ಪಾ', ಬಿಟ್ಟಿದ್ದರೆ 'ಬಿ', ಇದುವರೆಗೆ ಯೋಚಿಸಿಯೇ ಇಲ್ಲದಿದ್ದರೆ 'ಯೋ'. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಕಿವುಡನನ್ನು ಶಪಿಸಬಾರದು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು. ಎರಡು ಬಗೆಯ ನೂಲು ಬೆರೆಸಿ ನೇಯ್ದ ಬಟ್ಟೆ ಉಡಬಾರದು. ಗಡ್ಡದ ಅಂಚನ್ನು ಕತ್ತರಿಸಬಾರದು. ಹಚ್ಚೆ ಹಾಕಿಸಿಕೊಳ್ಳಬಾರದು. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕು. ಪರದೇಶಿಯನ್ನು ಸ್ವದೇಶದವನಂತೆ ಪ್ರೀತಿಸಬೇಕು. ಎಲ್ಲವೂ ಒಂದೇ ಅಧ್ಯಾಯದಲ್ಲಿ, ಒಂದೇ ಉಸಿರಿನಲ್ಲಿ, ಒಬ್ಬನೇ ದೇವರ ಹೆಸರಿನಲ್ಲಿ ಬರುತ್ತವೆ.

ಗುರುತು ಹಾಕಿದ ಮೇಲೆ ಪ್ರತಿ 'ಬಿ' ಎದುರಿಗೆ ಕಾರಣ ಬರೆಯಿರಿ. ಈ ಅಭ್ಯಾಸದ ಜೀವಾಳ ಇರುವುದು ಇಲ್ಲಿಯೇ. 'ಅದು ಆಚರಣೆಯ ವಿಧಿ, ನೀತಿಯ ವಿಧಿಯಲ್ಲ' ಎಂದು ಬಹುತೇಕ ಎಲ್ಲರೂ ಬರೆಯುತ್ತಾರೆ. ಮೋಶೆಯ ವಿಧಿಗಳನ್ನು ನೀತಿ, ಆಚರಣೆ, ನ್ಯಾಯಾಡಳಿತ ಎಂದು ಮೂರು ಭಾಗ ಮಾಡುವ ಈ ಕ್ರಮವನ್ನು 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಿಸ್ತಾರವಾಗಿ ವಿವರಿಸಿದ. ಒಳ್ಳೆಯ ಕ್ರಮವೇ. ಆದರೆ ಅಧ್ಯಾಯದೊಳಗೆ ಎಲ್ಲಿಯೂ ಅಂಥ ಗೆರೆ ಇಲ್ಲ ಎಂಬುದನ್ನು ಗಮನಿಸಿ: ನೆರೆಯವನನ್ನು ಪ್ರೀತಿಸು ಎಂಬುದು 18ನೇ ವಚನ, ಬೆರಕೆ ನೂಲಿನ ಬಟ್ಟೆಯ ಮಾತು 19ನೆಯದು. ಗೆರೆ ಎಳೆದವರು ಓದುಗರು. ಎಳೆಯುವುದು ಅಪರಾಧವಲ್ಲ, ಯೇಸುವೇ ಈ ಅಧ್ಯಾಯದಿಂದ 18ನೇ ವಚನವನ್ನು ಆರಿಸಿ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ ಆಜ್ಞೆಯ ಪಕ್ಕದಲ್ಲಿ ಇಟ್ಟು, ಇವೆರಡಕ್ಕಿಂತ ದೊಡ್ಡ ಆಜ್ಞೆ ಬೇರೊಂದಿಲ್ಲ ಎಂದರು. ಯಾವುದನ್ನು ಆರಿಸುತ್ತಿದ್ದೇನೆ ಎಂಬುದನ್ನು ಅವರು ಜನರ ಎದುರಿಗೇ ಹೇಳಿದರು.

ಇನ್ನು 'ಯೋ' ಗುರುತುಗಳು. ಬಹಳ ಮಂದಿಗೆ ಕೂಲಿಯ ವಚನದ ಎದುರಿಗೆ ಈ ಗುರುತೇ ಬೀಳುತ್ತದೆ. ಹಚ್ಚೆಯ ಬಗ್ಗೆ ಖಚಿತ ಅಭಿಪ್ರಾಯವಿದ್ದು, ದುಡಿದವರ ಸಂಬಳ ತಡ ಮಾಡುವುದರ ಬಗ್ಗೆ ಅಭಿಪ್ರಾಯವೇ ಇಲ್ಲದಿದ್ದರೆ, ನಿಮ್ಮ ಓದು ಯಾವ ಕಡೆಗೆ ವಾಲಿದೆ ಎಂಬುದು ಆ ಪುಟದ ಮೇಲೆಯೇ ಕಾಣುತ್ತದೆ.

ಅಂಕಿಗಳನ್ನು ಮರೆತು ಸುತ್ತಲಿನದನ್ನು ಓದಿ

ಅಧ್ಯಾಯಗಳ ಈಗಿನ ವಿಂಗಡಣೆ 13ನೇ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್‌ನದು ಎಂದು ಹೇಳುವುದುಂಟು. ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆಗಳನ್ನು ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲೆಂದು ಬಂದ ಈ ಅಂಕಿಗಳು, ಒಂದೊಂದು ವಚನವೂ ಸ್ವತಂತ್ರ ಸಂದೇಶ ಎಂಬ ಭ್ರಮೆಯನ್ನೂ ತಂದವು.

ಯೆರೆಮೀಯ 29:11 ಇದಕ್ಕೆ ಸ್ಪಷ್ಟ ಉದಾಹರಣೆ. ನಿಮಗಾಗಿ ನಾನು ಮಾಡಿರುವ ಯೋಚನೆಗಳು ಹಿತದ್ದು, ಕೇಡಿನದ್ದಲ್ಲ ಎಂಬ ಆ ಮಾತನ್ನು ಕ್ಯಾಲೆಂಡರುಗಳ ಮೇಲೆ, ಶುಭಾಶಯ ಪತ್ರಗಳ ಮೇಲೆ ನೋಡಿರುತ್ತೀರಿ. ಅದರ ಹಿಂದಿನ ವಚನವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎನ್ನುತ್ತದೆ ಅದು. ಸೆರೆಯಾಗಿ ಒಯ್ಯಲ್ಪಟ್ಟವರಿಗೆ ಯೆರೆಮೀಯನು ಬರೆದ ಪತ್ರ ಇದು. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು 28ನೇ ಅಧ್ಯಾಯದಲ್ಲಿ ಹೇಳುವ ಹನನ್ಯನನ್ನು ಇದೇ ಯೆರೆಮೀಯನು ಸುಳ್ಳು ಪ್ರವಾದಿ ಎಂದು ಕರೆಯುತ್ತಾನೆ. ಪತ್ರ ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಮರಳಿ ಊರು ಕಾಣುವ ಹಾಗಿರಲಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಸೆರೆಯೊಯ್ದವರ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಅವರಿಗೆ ಹೇಳಲಾಯಿತು. ಹೀಗೆ ಓದಿದಾಗ ವಾಗ್ದಾನ ಚಿಕ್ಕದಾಗುವುದಿಲ್ಲ. ಮುಂದಿನ ತಿಂಗಳ ಸಂದರ್ಶನಕ್ಕೋ ಪರೀಕ್ಷೆಗೋ ಅದನ್ನು ಕಟ್ಟಿಹಾಕುವುದು ಮಾತ್ರ ಕಷ್ಟವಾಗುತ್ತದೆ.

ಫಿಲಿಪ್ಪಿ 4:13 ಕೂಡ ಇದೇ ಜಾತಿಯದು. ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಎಂದು ಪೌಲನು ಬರೆದದ್ದು ಸೆರೆಯಲ್ಲಿದ್ದಾಗ. ಹಸಿವಿನಲ್ಲೂ ಸಮೃದ್ಧಿಯಲ್ಲೂ ಸಂತೃಪ್ತನಾಗಿರಲು ಕಲಿತಿದ್ದೇನೆ ಎಂಬ ಮಾತಿನ ಬೆನ್ನಿಗೆ ಅದು ಬರುತ್ತದೆ. ಪೌಲನ ಪತ್ರಗಳನ್ನು ಪತ್ರದಂತೆಯೇ ಓದಿ: ಮೊದಲಿನಿಂದ ಕೊನೆಯವರೆಗೆ, ಒಂದೇ ಸಲ ಕುಳಿತು. ಫಿಲಿಪ್ಪಿಯವರಿಗೆ ಬರೆದದ್ದು ನಾಲ್ಕೇ ಅಧ್ಯಾಯ.

ಮಾತನಾಡುತ್ತಿರುವವರು ಯಾರು ಎಂದು ಕೇಳಿ

ಬೈಬಲಿನಲ್ಲಿ ಇರುವ ಪ್ರತಿ ಮಾತೂ ಬೈಬಲ್ ಒಪ್ಪುವ ಮಾತಲ್ಲ. ನಿನ್ನ ಆರಂಭ ಅಲ್ಪವಾಗಿದ್ದರೂ ಅಂತ್ಯವು ಬಹಳ ವೃದ್ಧಿಯಾಗುವುದು ಎಂಬ ಯೋಬ 8:7ನ್ನು ಅಂಗಡಿ ತೆರೆಯುವಾಗ, ಮನೆ ಕಟ್ಟುವಾಗ ವಾಗ್ದಾನವೆಂದು ಓದುತ್ತಾರೆ. ಆ ಮಾತು ಯೋಬನ ಸ್ನೇಹಿತ ಬಿಲ್ದದನದು. ಮಕ್ಕಳೆಲ್ಲರನ್ನೂ ಕಳೆದುಕೊಂಡ ತಂದೆಯ ಎದುರಿಗೆ ಕುಳಿತು, ಮೂರು ವಚನ ಹಿಂದೆಯಷ್ಟೇ, ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ದೇವರು ಅವರನ್ನು ಅದರ ಕೈಗೆ ಒಪ್ಪಿಸಿರಬೇಕು ಎಂದವನು ಅವನೇ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಇನ್ನೊಬ್ಬ ಸ್ನೇಹಿತ ಎಲೀಫಜನಿಗೆ ನೇರವಾಗಿ ಹೇಳುತ್ತಾನೆ: ನೀನೂ ನಿನ್ನ ಇಬ್ಬರು ಸ್ನೇಹಿತರೂ ನನ್ನ ವಿಷಯದಲ್ಲಿ ಸರಿಯಾದುದನ್ನು ಆಡಲಿಲ್ಲ. ದೇವರು ತಳ್ಳಿಹಾಕಿದ ಭಾಷಣದ ಒಂದು ಸಾಲು ದೇವರ ವಾಗ್ದಾನವಾಗಿ ಗೋಡೆ ಏರಿದೆ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ. ದುಃಖದಲ್ಲಿದ್ದವರಿಗೆ ಇಂದಿಗೂ ನಾವು ಬಿಲ್ದದನ ಧಾಟಿಯಲ್ಲೇ ಸಮಾಧಾನ ಹೇಳುತ್ತೇವೆ.

ಸೈತಾನನೂ ವಚನ ಬಲ್ಲವನೇ. ದೇವಾಲಯದ ಶಿಖರದ ಮೇಲೆ ಯೇಸುವನ್ನು ಪರೀಕ್ಷಿಸುವಾಗ ಅವನು ಉದ್ಧರಿಸುವುದು 91ನೇ ಕೀರ್ತನೆಯನ್ನು. ಅದಕ್ಕೆ ಯೇಸು ಕೊಟ್ಟ ಉತ್ತರ ಇನ್ನೊಂದು ವಚನ: ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದೂ ಬರೆದಿದೆ. ಒಂದು ವಚನವನ್ನು ಸರಿಯಾಗಿ ಓದಲು ಮತ್ತೊಂದು ಬೇಕು ಎಂಬ ಪಾಠ ಅಲ್ಲಿದೆ.

ಬರಹದ ಬಗೆಯನ್ನೂ ನೋಡಿ. ಜ್ಞಾನೋಕ್ತಿ 26ರ 4ನೇ ವಚನ, ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. 5ನೇ ವಚನ, ಕೊಡು ಎನ್ನುತ್ತದೆ. ಸಂಗ್ರಹಿಸಿದವರು ಇದನ್ನು ಕಾಣದೆ ಪಕ್ಕಪಕ್ಕದಲ್ಲಿ ಇಟ್ಟಿರಲಾರರು. ಯಾವ ಮೂಢನಿಗೆ ಯಾವಾಗ ಎಂಬ ತೀರ್ಮಾನವನ್ನು ಗ್ರಂಥವೇ ಓದುಗರಿಗೆ ಬಿಟ್ಟುಕೊಟ್ಟಿದೆ.

ಎದುರು ನಿಲ್ಲುವ ವಚನಗಳನ್ನು ಒಟ್ಟಿಗೆ ತನ್ನಿ

ಈಗ ಕಷ್ಟದ ಹೆಜ್ಜೆ. ಒಂದು ವಿಷಯದಲ್ಲಿ ನಿಮ್ಮ ನಿಲುವನ್ನು ನೋಟ್‌ಬುಕ್ಕಿನ ಮೇಲ್ಭಾಗದಲ್ಲಿ ಬರೆದು, ಪುಟವನ್ನು ಎರಡು ಅಂಕಣ ಮಾಡಿ. ಎಡಕ್ಕೆ ಅದನ್ನು ಬೆಂಬಲಿಸುವ ವಚನಗಳು, ಬಲಕ್ಕೆ ಇಕ್ಕಟ್ಟಿಗೆ ಸಿಲುಕಿಸುವ ವಚನಗಳು. ಬಲಗಡೆ ಖಾಲಿ ಇದ್ದರೆ ನೀವು ಇನ್ನೂ ಹುಡುಕಿಲ್ಲ ಎಂದರ್ಥ.

ಸಭೆಯಲ್ಲಿ ಸ್ತ್ರೀಯರು ಬೋಧಿಸಬಹುದೇ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಉಪದೇಶ ಮಾಡಲು ಸ್ತ್ರೀಗೆ ನಾನು ಅಪ್ಪಣೆ ಕೊಡುವುದಿಲ್ಲ ಎಂಬ 1 ತಿಮೊಥೆಯ 2:12 ಒಂದು ಕಡೆ. ಇನ್ನೊಂದು ಕಡೆ, ಬೋಧಕನಾಗಿದ್ದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದ ದಂಪತಿಗಳಲ್ಲಿ ಒಬ್ಬಳಾದ ಪ್ರಿಸ್ಕಿಲ್ಲ (ಅಪೊಸ್ತಲರ ಕೃತ್ಯಗಳು 18:26), ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ (ರೋಮಾ 16:1), ಪ್ರಾರ್ಥಿಸುವ ಮತ್ತು ಪ್ರವಾದಿಸುವ ಸ್ತ್ರೀಯರು (1 ಕೊರಿಂಥ 11:5). ಇಷ್ಟರ ನಡುವೆ ತೀರ್ಮಾನ ಮಾಡುವುದಕ್ಕೆ ಮುಂಚೆ ತಿಮೊಥೆಯನ ಪತ್ರದಲ್ಲಿ ಮೂರೇ ವಚನ ಮೇಲಕ್ಕೆ ಹೋಗಿ. ಹೆಣೆದ ಕೂದಲು, ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರ ಇವುಗಳಿಂದ ಸ್ತ್ರೀಯರು ಅಲಂಕರಿಸಿಕೊಳ್ಳಬಾರದು ಎಂದು 9ನೇ ವಚನದಲ್ಲಿದೆ. 12ನೆಯದನ್ನು ಎಲ್ಲ ಕಾಲಕ್ಕೂ ಸಲ್ಲುವ ಆಜ್ಞೆ ಎನ್ನುವ ಎಷ್ಟೋ ಸಭೆಗಳಲ್ಲಿ 9ನೆಯದು ಸದ್ದಿಲ್ಲದೆ 'ಆ ಕಾಲದ ಮಾತು' ಆಗಿಬಿಟ್ಟಿದೆ. ಯಾವ ಕಾರಣದಿಂದ 9ನ್ನು ಬಿಟ್ಟಿರೋ ಅದೇ ಕಾರಣ 12ಕ್ಕೆ ಏಕೆ ಅನ್ವಯಿಸದು ಎಂದು ಹೇಳಲು ನಿಮಗೆ ಬರಬೇಕು. 13ನೇ ವಚನದಲ್ಲಿ ಪೌಲನು ಆದಾಮ, ಹವ್ವರ ಮಾತೆತ್ತುತ್ತಾನೆ, ಹಾಗಾಗಿ ಅದು ಸೃಷ್ಟಿಗೆ ಸಂಬಂಧಿಸಿದ್ದು ಎಂದು ಕೆಲವರು ಉತ್ತರಿಸುತ್ತಾರೆ. ಅದು ವಾದ. ಅದನ್ನು ತೂಗಿ ನೋಡಬಹುದು, ಒಪ್ಪಬಹುದು, ಬಿಡಬಹುದು. 'ಬೈಬಲಿನಲ್ಲಿ ಹಾಗಿದೆ, ಅಷ್ಟೇ' ಎಂಬುದು ವಾದವಲ್ಲ.

ಇನ್ನೊಂದು ಪಕ್ಷದವರೂ ಇದೇ ಅಳತೆಗೆ ಒಳಗಾಗಲೇಬೇಕು. ತಿಮೊಥೆಯನು ಎಫೆಸದಲ್ಲಿದ್ದ, ಆ ಮಾತು ಎಫೆಸದ ಪರಿಸ್ಥಿತಿಗೆ ಮಾತ್ರ ಎನ್ನುವವರು, ಕ್ರಿಸ್ತನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ ಎಂಬ ಗಲಾತ್ಯ 3:28 ಕೂಡ ನಿರ್ದಿಷ್ಟ ಸಭೆಗಳಿಗೆ, ನಿರ್ದಿಷ್ಟ ಜಗಳದ ನಡುವೆ ಬರೆದದ್ದು ಎಂಬುದನ್ನು ಮರೆಯಬಾರದು. ಒಂದನ್ನು ಸ್ಥಳೀಯವೆಂದೂ ಮತ್ತೊಂದನ್ನು ಸಾರ್ವತ್ರಿಕವೆಂದೂ ಕರೆಯಲು ಕಾರಣ ಬೇಕು. ನನ್ನ ಮಟ್ಟಿಗೆ ಪ್ರಿಸ್ಕಿಲ್ಲ, ಫೊಯಿಬೆಯರ ಸಾಕ್ಷ್ಯ ಆ ಕಾರಣವನ್ನು ಒದಗಿಸುತ್ತದೆ. ನಿಮಗೆ ಹಾಗೆ ತೋರದಿದ್ದರೆ ನಿಮ್ಮ ಕಾರಣವನ್ನು ಬರೆದಿಡಿ.

ಈ ಅರ್ಥದ ಬೆಲೆ ತೆರುವವರು ಯಾರು?

ಉಳಿದೆಲ್ಲ ಹೆಜ್ಜೆ ಮರೆತರೂ ಇದೊಂದನ್ನು ಮರೆಯಬೇಡಿ.

1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರಿಗಾಗಿ ಆಯ್ದ ಭಾಗಗಳ ಬೈಬಲ್ ಅದು. ಹಳೆಯ ಒಡಂಬಡಿಕೆಯ ಸುಮಾರು 90 ಶೇಕಡಾ, ಹೊಸ ಒಡಂಬಡಿಕೆಯ ಸುಮಾರು ಅರ್ಧ ಅದರಲ್ಲಿ ಇರಲಿಲ್ಲ. ಐಗುಪ್ತದ ದಾಸತ್ವದಿಂದ ಇಸ್ರಾಯೇಲರನ್ನು ಮೋಶೆ ಬಿಡಿಸಿ ತಂದ ಕಥೆಯನ್ನು ತೆಗೆಯಲಾಗಿತ್ತು. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಗಲಾತ್ಯ 3:28ನ್ನೂ ತೆಗೆಯಲಾಗಿತ್ತು. ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬ ಎಫೆಸ 6:5 ಮಾತ್ರ ಉಳಿದಿತ್ತು. ಅದರಲ್ಲಿ ಅಚ್ಚಾದ ವಚನಗಳು ಬೈಬಲಿನವೇ. ಸುಳ್ಳು ಇದ್ದದ್ದು ಬಿಟ್ಟ ಜಾಗಗಳಲ್ಲಿ.

ಕತ್ತರಿ ಹಿಡಿಯದೆಯೂ ಇದೇ ಕೆಲಸ ಮಾಡಬಹುದು. ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರದವರಿಂದ ಬೇರೆಯಾಗಲು ಮುಖ್ಯ ಕಾರಣ ಗುಲಾಮಗಿರಿ. ಅವರ ಬೈಬಲಿನಲ್ಲಿ ವಿಮೋಚನಕಾಂಡ ಪೂರ್ತಿ ಇತ್ತು, ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ವಿಧಿಸುವ 21:16 ಕೂಡ ಇತ್ತು. ತಮ್ಮ ಪೂರ್ವಿಕರ ಆ ಪಾಲಿಗೆ ಅವರ ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ. ಗುಲಾಮಗಿರಿಯ ಆ ದಿನಗಳಲ್ಲೇ, ಓದು ಬರಹ ನಿರಾಕರಿಸಲ್ಪಟ್ಟಿದ್ದ ಗುಲಾಮರು ಕಿವಿಯಿಂದ ಕೇಳಿದ ಮೋಶೆಯ ಕಥೆಯನ್ನು ಹಾಡಾಗಿಸಿ ಹಾಡುತ್ತಿದ್ದರು. ಪಂಡಿತರಿಗಿಂತ ಅವರೇ ಆ ಗ್ರಂಥವನ್ನು ಸರಿಯಾಗಿ ಓದಿದರು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಆದುದರಿಂದ ಪ್ರತಿ ವ್ಯಾಖ್ಯಾನದ ಕೆಳಗೆ ಎರಡು ಸಾಲು ಬರೆಯಿರಿ. ಈ ಅರ್ಥದಿಂದ ನನಗೆ ಏನು ಕಷ್ಟ? ಬೇರೆಯವರಿಗೆ ಏನು ಕಷ್ಟ? ಭಾರವಾದ ಹೊರೆಗಳನ್ನು ಕಟ್ಟಿ ಜನರ ಹೆಗಲಿಗೇರಿಸಿ, ತಾವು ಬೆರಳನ್ನೂ ಅಲುಗಿಸದವರ ಬಗ್ಗೆ ಯೇಸು ಆಡಿದ ಮಾತು ಮತ್ತಾಯ 23:4ರಲ್ಲಿದೆ. ವರ್ಷಗಟ್ಟಲೆ ಓದಿಯೂ ಯಾವ ವಚನವೂ ನಿಮ್ಮ ಹಣವನ್ನೋ ಹಗೆಯನ್ನೋ ಮುಟ್ಟದೆ ಯಾವಾಗಲೂ ಪಕ್ಕದವರನ್ನೇ ಮುಟ್ಟುತ್ತಿದ್ದರೆ, ಅಷ್ಟನ್ನೂ ಮತ್ತೆ ಓದಬೇಕು.

ಬದಿಗಿಟ್ಟದ್ದನ್ನು ಹರಿಯಬೇಡಿ

2ನೇ ಶತಮಾನದ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಹಳೆಯ ಒಡಂಬಡಿಕೆಯನ್ನು ಇಡಿಯಾಗಿ ತಳ್ಳಿಹಾಕಿ, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡ. ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ 1820ರ ಹೊತ್ತಿಗೆ ಸುವಾರ್ತೆಗಳಿಂದ ತನಗೆ ಒಪ್ಪಿತವಾದ ಭಾಗಗಳನ್ನು ಕತ್ತರಿಸಿ ಅಂಟಿಸಿಕೊಂಡ. ಪುನರುತ್ಥಾನವಿಲ್ಲ, ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸುವಲ್ಲಿಗೆ ಅವನ ಪುಸ್ತಕ ಮುಗಿಯುತ್ತದೆ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಯಾಕೋಬನ ಪತ್ರವನ್ನು 1522ರಲ್ಲಿ ಹುಲ್ಲಿನ ಪತ್ರ, ಅಂದರೆ ಸತ್ವ ಕಡಿಮೆಯಿರುವ ಪತ್ರ, ಎಂದು ಕರೆದು ಹಿಂದಕ್ಕೆ ಸರಿಸಿದ, ಆದರೆ ಗ್ರಂಥದೊಳಗೇ ಉಳಿಸಿದ. ಮುಂದಿನ ಓದುಗರು ಅದೇ ಪತ್ರವನ್ನು ತೆರೆದು ಲೂಥರನನ್ನು ಪ್ರಶ್ನಿಸಲು ಸಾಧ್ಯವಾದದ್ದು ಇದರಿಂದ. ನೀವೂ ಹಾಗೆ ಮಾಡಿ: ಕಡಿಮೆ ತೂಕ ಕೊಟ್ಟದ್ದನ್ನು ಕಣ್ಣಿಗೆ ಕಾಣುವಂತೆ ಇಡಿ.

ಆರಾಧನೆಯಲ್ಲಿ ಓದುವ ಪಾಠಗಳ ಪಟ್ಟಿಯನ್ನೂ ಗಮನಿಸಿ. '1ರಿಂದ 5, 10ರಿಂದ 14' ಎಂದಿದ್ದರೆ ಮನೆಗೆ ಹೋಗಿ 6ರಿಂದ 9ನ್ನು ಓದಿ. ಕ್ಯಾಥೊಲಿಕ್ ಸಭೆಯ 1971ರ ಪರಿಷ್ಕೃತ ದೈನಂದಿನ ಪ್ರಾರ್ಥನಾ ಗ್ರಂಥದಲ್ಲಿ 58, 83, 109ನೇ ಕೀರ್ತನೆಗಳನ್ನು ಪೂರ್ತಿ ಬಿಡಲಾಯಿತು, ಶಾಪದ ಮಾತುಗಳಿವೆ ಎಂದು. ಪ್ರಾರ್ಥನೆಯಲ್ಲಿ ಬಿಡುವುದು ಸರಿಯಿರಬಹುದು. ಓದಿನಲ್ಲಿ ಬಿಟ್ಟರೆ ಸಂಕಟದಲ್ಲಿದ್ದವರು ದೇವರ ಮುಂದೆ ಎಷ್ಟು ಕಹಿಯಾಗಿ ಕೂಗಿದರು ಎಂಬುದೇ ನಮಗೆ ತಿಳಿಯದು.

ಒಬ್ಬರೇ ತೀರ್ಮಾನಿಸಬೇಡಿ, ತೀರ್ಮಾನವನ್ನು ಇನ್ನೊಬ್ಬರಿಗೆ ಒಪ್ಪಿಸಿಯೂ ಬಿಡಬೇಡಿ

ಧರ್ಮಗ್ರಂಥದ ಯಾವ ಪ್ರವಾದನೆಯೂ ಒಬ್ಬನ ಸ್ವಂತ ವಿವರಣೆಗೆ ಒಳಪಟ್ಟದ್ದಲ್ಲ ಎಂಬ 2 ಪೇತ್ರ 1:20ನ್ನು ಸ್ವತಂತ್ರ ಓದಿನ ವಿರುದ್ಧ ಬಳಸುತ್ತಾರೆ. 1546ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ, ಸಭೆಯ ಅರ್ಥಕ್ಕೆ ವಿರುದ್ಧವಾಗಿ ಯಾರೂ ಸ್ವಂತ ಬುದ್ಧಿಯನ್ನು ನಂಬಿ ವ್ಯಾಖ್ಯಾನಿಸಬಾರದು ಎಂದು ವಿಧಿಸಿತು. ಅದಕ್ಕೆ ಇಪ್ಪತ್ತೈದು ವರ್ಷ ಮೊದಲು ವರ್ಮ್ಸ್ ಪಟ್ಟಣದಲ್ಲಿ ವಿಚಾರಣೆಯ ಮುಂದೆ ಲೂಥರ್, ತನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಎಂದು ನಿಂತಿದ್ದ. ಎರಡರಲ್ಲೂ ಹುರುಳಿದೆ. ಆದರೆ ಸಭೆಯನ್ನೋ ಪಾಸ್ಟರನ್ನೋ ನಂಬುತ್ತೇನೆ ಎಂಬುದು ಕೂಡ ನಿಮ್ಮದೇ ತೀರ್ಮಾನ, ಅದರ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಬೆರೋಯ ಪಟ್ಟಣದವರು ಪೌಲನ ಮಾತನ್ನೇ ಪ್ರತಿದಿನ ಗ್ರಂಥದೊಂದಿಗೆ ಹೋಲಿಸಿ ಪರೀಕ್ಷಿಸಿದರು, ಅದಕ್ಕಾಗಿ ಅವರನ್ನು ಹೊಗಳಲಾಗಿದೆ.

ಒಟ್ಟಿಗೆ ತೀರ್ಮಾನಿಸುವುದು ಹೇಗೆ ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಓದಿ. ಸುನ್ನತಿ ನಿತ್ಯವಾದ ಒಡಂಬಡಿಕೆ ಎಂದು ಆದಿಕಾಂಡ 17ರಲ್ಲಿ ಸ್ಪಷ್ಟವಾಗಿದೆ. ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಅದು ಬೇಡ ಎಂದು ಯೆರೂಸಲೇಮಿನಲ್ಲಿ ಕೂಡಿದವರು ತೀರ್ಮಾನಿಸಿದರು. ಬಹಳ ಚರ್ಚೆ ನಡೆಯಿತು. ಪೇತ್ರನು ತಾನು ಕಂಡದ್ದನ್ನು ಹೇಳಿದ, ಪೌಲ ಬಾರ್ನಬರು ತಮ್ಮ ಅನುಭವ ಹೇಳಿದರು, ಯಾಕೋಬನು ಆಮೋಸನ ಪ್ರವಾದನೆಯನ್ನು ಮುಂದಿಟ್ಟ. ಪವಿತ್ರಾತ್ಮನಿಗೂ ನಮಗೂ ಸರಿತೋರಿತು ಎಂದು ಪತ್ರ ಬರೆದರು. ಅದೇ ಪತ್ರದಲ್ಲಿ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ತಿನ್ನಬೇಡಿ ಎಂದಿತ್ತು. ಇಂದು ಬಹುಪಾಲು ಕ್ರೈಸ್ತರು ಮೊದಲ ತೀರ್ಮಾನವನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟಿದ್ದಾರೆ. ಆ ಬಿಡುವಿಕೆಗೂ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕಾರಣ ಬೇಕು.

ಎಲ್ಲಿಂದ ಶುರು ಮಾಡುವುದು

ಫಿಲೆಮೋನನಿಗೆ ಬರೆದ ಪತ್ರದಿಂದ. ಇಪ್ಪತ್ತೈದೇ ವಚನ, ಹತ್ತು ನಿಮಿಷದ ಓದು. ಯಜಮಾನ ಫಿಲೆಮೋನನನ್ನು ಬಿಟ್ಟು ಬಂದ ಒನೇಸಿಮ ಎಂಬ ದಾಸನನ್ನು ಪೌಲನು ಹಿಂದಕ್ಕೆ ಕಳುಹಿಸುತ್ತಾನೆ. ಓಡಿಹೋದ ಗುಲಾಮರನ್ನು ಒಡೆಯರಿಗೆ ಒಪ್ಪಿಸಬೇಕು ಎಂದವರೂ ಈ ಪತ್ರವನ್ನೇ ಎತ್ತಿ ತೋರಿಸಿದರು, ಗುಲಾಮಗಿರಿ ತೊಲಗಬೇಕು ಎಂದವರೂ ಇದನ್ನೇ. ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂಬುದು 16ನೇ ವಚನ. ಬಿಡುಗಡೆ ಮಾಡು ಎಂಬ ನೇರ ಮಾತು ಎಲ್ಲಿಯೂ ಇಲ್ಲ. ನಾನು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಮಾಡುವೆ ಎಂದು ನಂಬಿದ್ದೇನೆ ಎಂಬುದು 21ನೆಯದು. ಆ 'ಹೆಚ್ಚು' ಏನಿರಬಹುದು? ನಿಮ್ಮ ಉತ್ತರ ಬರೆಯಿರಿ, ಅದಕ್ಕೆ ಯಾವ ವಚನ ಆಧಾರ, ಯಾವುದು ಅಡ್ಡಿ ಎಂದು ಬರೆಯಿರಿ, ಫಿಲೆಮೋನನಿಗೆ ಅದರಿಂದ ಏನು ನಷ್ಟ, ಒನೇಸಿಮನಿಗೆ ಏನು ನಷ್ಟ ಎಂಬುದನ್ನೂ ಬರೆಯಿರಿ. ತಾರೀಕು ಹಾಕಿ. ನಂತರ ಆ ಪುಟವನ್ನು ನಿಮ್ಮನ್ನು ಒಪ್ಪದ ಆ ವ್ಯಕ್ತಿಯ ಕೈಗೆ ಕೊಟ್ಟು, ಅವರು ಮಾತನಾಡಿ ಮುಗಿಸುವವರೆಗೆ ಕೇಳಿಸಿಕೊಳ್ಳಿ.